ಅಗ್ಗದ ಪಿಸ್ತೂಲು, ಅಕ್ಕಿಕಾಳಿನಷ್ಟು ಪಿನ್ನು

ಕಳೆದ ಸೆಪ್ಟೆಂಬರಿನ ಒಂದು ಶನಿವಾರ ಬೆಳಿಗ್ಗೆ. ನಮ್ಮ ರೈಫಲ್ ಕ್ಲಬ್ಬಿನ 25 ಮೀಟರ್ ರೇಂಜಿನಲ್ಲಿ ಪಿಯುಸಿ ಓದುವ ಹುಡುಗಿಯೊಬ್ಬಳು ಗುರಿಯಿಟ್ಟು ಟ್ರಿಗರ್ ಎಳೆದಳು. ‘ಠಪ್’ ಅನ್ನಬೇಕಿದ್ದ ಪಿಸ್ತೂಲು ‘ಟಕ್’ ಅಂದು ಸುಮ್ಮನಾಯಿತು.

ಆಮೇಲೆ ಅವಳು ಮಾಡಿದ್ದು ಹೊಸಬರೆಲ್ಲ ಒಮ್ಮೆಯಾದರೂ ಮಾಡುವ ತಪ್ಪೇ. ಪಿಸ್ತೂಲನ್ನು ಕೈಯಲ್ಲಿ ಹಿಡಿದುಕೊಂಡೇ ಹಿಂದಕ್ಕೆ ತಿರುಗಿ, “ಸರ್, ಇದು ಹೊಡೀತಾನೇ ಇಲ್ಲ” ಅಂದಳು. ಅವಳ ಜತೆಗೆ ನಳಿಗೆಯೂ ತಿರುಗಿತು. ಬೆಂಚಿನ ಮೇಲೆ ಕೂತಿದ್ದ ನಾವು ನಾಲ್ಕು ಜನ ಆ ಸಣ್ಣ ಕಪ್ಪು ತೂತನ್ನು ನೇರವಾಗಿ ನೋಡಿದೆವು. ನಮ್ಮ ಕೋಚ್ ಸೇನೆಯಿಂದ ನಿವೃತ್ತರಾದ ಸುಬೇದಾರ್. ಮಂಡಿನೋವು ಅಂತ ಸದಾ ಗೊಣಗುವವರು. ಅವತ್ತು ಅವರು ಕುರ್ಚಿಯಿಂದ ಎದ್ದದ್ದು ನನಗೆ ಕಾಣಲೇ ಇಲ್ಲ. ಕಂಡದ್ದು ಅವರ ಕೈ ಅವಳ ಮಣಿಕಟ್ಟನ್ನು ಹಿಡಿದು ಗುರಿಫಲಕದ ಕಡೆ ತಿರುಗಿಸಿದ್ದು ಮಾತ್ರ. ಬೈಯಲಿಲ್ಲ. “ಎಣಿಸು ಮಗಾ, ಮೂವತ್ತರವರೆಗೆ” ಅಂದರು.

ಅವಳು ನಡುಗುವ ದನಿಯಲ್ಲಿ ಎಣಿಸಿದಳು. ಮೂವತ್ತಾಯಿತು. ಮ್ಯಾಗಜಿನ್ ತೆಗೆದು, ಬೋಲ್ಟ್ ಹಿಂದಕ್ಕೆ ಎಳೆದು, ಹಾರದ ತೋಟಾವನ್ನು ಹೊರಕ್ಕೆ ತೆಗೆದರು. ಹಿಂದಿನಿಂದ ಯಾರೋ ಸೀನಿಯರ್, “ಅಗ್ಗದ ಮಾಲು ಸರ್, ಇನ್ನೇನಾಗುತ್ತೆ?” ಅಂದರು. ನಾನೂ ಹೌದು ಹೌದು ಅಂತ ತಲೆಯಾಡಿಸಿದೆ. ಹಾಗೆ ತಲೆಯಾಡಿಸಿದ್ದಕ್ಕೇ ಇವತ್ತು ಇದನ್ನೆಲ್ಲ ಬರೆಯಬೇಕಾಗಿ ಬಂದಿದೆ.

ನಾನು ಬಿಇ ಮೆಕ್ಯಾನಿಕಲ್ ಐದನೇ ಸೆಮಿಸ್ಟರ್. ಊರು ತಿಪಟೂರು, ಓದು ಮೈಸೂರಿನಲ್ಲಿ. ಬಂದೂಕಿನ ಜತೆ ನನ್ನ ಪರಿಚಯ ಆದದ್ದು ಎನ್‌ಸಿಸಿ ಕ್ಯಾಂಪಿನಲ್ಲಿ. ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿ ‘ಪಾಯಿಂಟ್ ಟು ಟು’ ರೈಫಲ್‌ನಿಂದ ಐದು ಗುಂಡು ಹೊಡೆದಿದ್ದೆ. ಐದೂ ಒಂದು ಅಂಗೈಯಗಲದಲ್ಲಿ ಬಿದ್ದಿದ್ದವು. “ಪಿಸ್ತೂಲ್ ಹಿಡಿದು ನೋಡು” ಅಂತ ಯಾರೋ ಹೇಳಿದ್ದೇ ಕ್ಲಬ್ಬಿನ ಬಾಗಿಲು ತಟ್ಟಿದೆ. ಮೋಟರ್ ರಿವೈಂಡಿಂಗ್ ಅಂಗಡಿ ಇಟ್ಟಿರುವ ಅಪ್ಪನಿಗೆ ಫೋನ್ ಮಾಡಿ ಹೇಳಿದಾಗ ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, “ಅದೂ ಮೆಕ್ಯಾನಿಕಲ್ ಸಿಲಬಸ್ಸಿನಲ್ಲಿ ಐತೇನವ್ವಾ?” ಅಂತ ಕೇಳಿದರು. ಇಲ್ಲ ಅಂದೆ. ಈಗ ಯೋಚಿಸಿದರೆ ಇದೆ ಅನ್ನಬಹುದಿತ್ತು.

ಸಿನಿಮಾದ ಪಿಸ್ತೂಲಿಗೂ ಇದಕ್ಕೂ ಸಂಬಂಧ ಕಡಿಮೆ. ನಾವು ಬಳಸುವುದು .22 ಲಾಂಗ್ ರೈಫಲ್ ತೋಟಾ. 1887ರಿಂದ ಹೆಚ್ಚುಕಡಿಮೆ ಅದೇ ರೂಪದಲ್ಲಿ ಬಂದಿರುವ ತೋಟಾ. ಗುಂಡಿನ ತೂಕ ಸುಮಾರು 2.6 ಗ್ರಾಂ. ಲಂಡನ್ ಒಲಿಂಪಿಕ್ಸ್‌ನಲ್ಲಿ ವಿಜಯ್ ಕುಮಾರ್ 25 ಮೀಟರ್ ರ‍್ಯಾಪಿಡ್ ಫೈರ್‌ನಲ್ಲಿ ಬೆಳ್ಳಿ ಗೆದ್ದದ್ದು ಇದೇ ತೋಟಾದಿಂದ. ಪ್ಯಾರಿಸ್‌ನಲ್ಲಿ ಎರಡು ಕಂಚಿನ ನಂತರ ಮನು ಭಾಕರ್ ಮೂರನೆಯದನ್ನು ಕೂದಲೆಳೆಯಲ್ಲಿ ಕಳೆದುಕೊಂಡು ನಾಲ್ಕನೆಯವರಾದದ್ದೂ ಇದೇ ತೋಟಾದ ಸ್ಪರ್ಧೆಯಲ್ಲಿ. ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪ ರಿಯೊ ಒಲಿಂಪಿಕ್ಸ್‌ನಲ್ಲಿ ಸ್ಪರ್ಧಿಸಿದ 50 ಮೀಟರ್ ಪಿಸ್ತೂಲ್‌ಗೂ ಇದೇ. ಪುಟಾಣಿ ಅಂತ ಸದರ ಬೇಡ. ತೋಟಾದ ಡಬ್ಬಿಗಳ ಮೇಲೆ ಒಂದೂವರೆ ಮೈಲಿಯವರೆಗೂ ಅಪಾಯ ಅಂತ ಅಚ್ಚು ಹಾಕಿರುತ್ತಾರೆ. ಅಂದರೆ ಸುಮಾರು ಎರಡೂವರೆ ಕಿಲೋಮೀಟರ್. ರೇಂಜಿನ ಕೊನೆಗೆ ಅಷ್ಟು ಎತ್ತರದ ಮಣ್ಣಿನ ದಿಬ್ಬ ಯಾಕೆ ಅಂತ ನನಗೆ ಅರ್ಥವಾದದ್ದು ಆ ಡಬ್ಬಿ ಓದಿದ ಮೇಲೆ.

ಒಲಿಂಪಿಕ್ಸ್‌ಗೆ ಹೋಗುವವರ ಪಿಸ್ತೂಲುಗಳು ಇಟಲಿಯದ್ದೋ ಜರ್ಮನಿಯದ್ದೋ ಇರುತ್ತವೆ. ಬೆಲೆ ಲಕ್ಷಗಳಲ್ಲಿ. ಹಿಡಿಕೆಯನ್ನು ನಿಮ್ಮ ಅಂಗೈಗೆ ಕೆತ್ತಿ ಕೂರಿಸಬಹುದು. ಟ್ರಿಗರ್ ಎಳೆತವನ್ನು ಗ್ರಾಂ ಲೆಕ್ಕದಲ್ಲಿ ಹೊಂದಿಸಬಹುದು. 25 ಮೀಟರ್ ಪಿಸ್ತೂಲ್‌ನಲ್ಲಿ ನಿಯಮದ ಪ್ರಕಾರ ಕನಿಷ್ಠ ಒಂದು ಕಿಲೋ ಇರಬೇಕು. ನಮ್ಮಂಥವರಿಗೆ ಕ್ಲಬ್ಬಿನ ಪಿಸ್ತೂಲೇ ಗತಿ. ಅದೂ ಕ್ಲಬ್ಬಿನ ಲೈಸೆನ್ಸಿನಲ್ಲಿ, ಕೋಚ್ ಕಣ್ಣೆದುರಿನಲ್ಲಿ, ಮುಗಿದ ಕೂಡಲೇ ಲೆಕ್ಕ ಕೊಟ್ಟು ಕಪಾಟಿಗೆ. ನಮ್ಮ ಕ್ಲಬ್ಬಿನದ್ದು ಹಳೆಯದು, ಅಮೆರಿಕನ್ ಮಾದರಿಯ ಸರಳ ಪಿಸ್ತೂಲು. ಅಗ್ಗದ್ದು. ಬಣ್ಣ ಸವೆದು ಅಲ್ಲಲ್ಲಿ ಬೆಳ್ಳಗಾಗಿದೆ. ಹೆಸರು ಹೇಳಲ್ಲ, ಏಕೆಂದರೆ ಮುಂದೆ ಹೇಳುವ ಕಥೆಯಲ್ಲಿ ತಪ್ಪು ಅದರದ್ದಲ್ಲ.

‘ಅಗ್ಗಕ್ಕೆ ಸಿಕ್ಕಿದ್ದು ಮುಗ್ಗಲು ಜೋಳ’ ಅಂತ ನಮ್ಮಜ್ಜಿ ಹೇಳುತ್ತಿದ್ದಳು. ಪಿಸ್ತೂಲಿನ ವಿಷಯದಲ್ಲಿ ಈ ಮಾತು ಅರ್ಧ ನಿಜ, ಅರ್ಧ ಸುಳ್ಳು. ಯಾವ ಅರ್ಧ ನಿಜ ಅನ್ನೋದನ್ನು ತಿಳಿಯಲು ಮೊದಲು ತೋಟಾದ ಒಳಗೆ ಇಣುಕಬೇಕು.

ಪೊಲೀಸರ ಪಿಸ್ತೂಲಿನ ತೋಟಾದ ಹಿಂಭಾಗದ ನಟ್ಟನಡುವೆ ಒಂದು ಪುಟ್ಟ ಕ್ಯಾಪ್ ಇರುತ್ತದೆ. ಫೈರಿಂಗ್ ಪಿನ್ ಅದಕ್ಕೆ ಕುಟ್ಟಿದರೆ ಕಿಡಿ. ನಮ್ಮ .22ರಲ್ಲಿ ಆ ಕ್ಯಾಪ್ ಇಲ್ಲ. ಹಿತ್ತಾಳೆಯ ಕೊಳವೆಯ ತಳದ ಅಂಚು ಟೊಳ್ಳಾದ ಮಡಿಕೆ, ನಮ್ಮ ಸ್ಟೀಲ್ ಲೋಟದ ಬಾಯಿಯ ಮಡಿಕೆಯ ಹಾಗೆ. ಕೊಳವೆಯನ್ನು ಗಿರಗಿರ ತಿರುಗಿಸಿ ಆ ಮಡಿಕೆಯೊಳಕ್ಕೆ ಸಿಡಿಯುವ ಮದ್ದು ಸೇರುವಂತೆ ಮಾಡುತ್ತಾರೆ. ಫೈರಿಂಗ್ ಪಿನ್ ಬಂದು ಈ ಅಂಚನ್ನು ಚೇಂಬರಿನ ಉಕ್ಕಿನ ಬಾಯಿಗೆ ಒತ್ತಿ ಜಜ್ಜಿದರೆ ಮಾತ್ರ ಮದ್ದು ಹೊತ್ತಿಕೊಳ್ಳುತ್ತದೆ. ಸುತ್ತಿಗೆ ಪಿನ್ನು, ಅಡಿಗಲ್ಲು ಚೇಂಬರಿನ ಅಂಚು. ನಡುವೆ ಸಿಕ್ಕಿಕೊಂಡ ಹಿತ್ತಾಳೆಯದು ಶುಂಠಿಯ ಪಾಡು. ಮದ್ದು ಎಲ್ಲ ಕಡೆ ಒಂದೇ ಸಮ ಹರಡಿರದಿದ್ದರೆ ಕೆಲವೊಮ್ಮೆ ಹೊತ್ತುವುದೇ ಇಲ್ಲ. ಹಾಗಾಗಿ ಪಿಸ್ತೂಲು ಎಷ್ಟೇ ದುಬಾರಿಯಿರಲಿ, ಈ ಜಾತಿಯ ತೋಟಾದಲ್ಲಿ ಹಾರದ ಗುಂಡುಗಳು ಬೇರೆಯವಕ್ಕಿಂತ ಹೆಚ್ಚು. ಕೆಲವೊಮ್ಮೆ ತಡವಾಗಿ ಹೊತ್ತುವುದೂ ಉಂಟು. ಮೂವತ್ತು ಎಣಿಸುವುದು ಅದಕ್ಕೇ. ‘ಟಕ್’ ಅಂದದ್ದು ಒಂದು ಕ್ಷಣ ಬಿಟ್ಟು ‘ಠಪ್’ ಅನ್ನಬಹುದು. ಆ ಕ್ಷಣದಲ್ಲಿ ನಳಿಗೆ ಯಾರ ಕಡೆ ಇದೆ ಅನ್ನೋದೇ ಪ್ರಶ್ನೆ.

ಇನ್ನು ಅಗ್ಗದ ವಿಷಯ. ಈ ತೋಟಾದ ಒಳಗಿನ ಒತ್ತಡ ಹೆಚ್ಚೆಂದರೆ ಚದರ ಇಂಚಿಗೆ 24,000 ಪೌಂಡ್. 9 ಎಂಎಂ ಪಿಸ್ತೂಲಿನಲ್ಲಿ ಅದು 35,000. ಒತ್ತಡ ಕಡಿಮೆ, ಗುಂಡು ಹಗುರ. ಹಾಗಾಗಿ ಗುಂಡು ಹೊರಡುವ ಹೊತ್ತಿಗೆ ಚೇಂಬರನ್ನು ಬೀಗ ಹಾಕಿ ಹಿಡಿದಿಡುವ ಜಟಿಲ ವ್ಯವಸ್ಥೆ ಬೇಕಾಗಿಲ್ಲ. ತಕ್ಕಷ್ಟು ಭಾರದ ಒಂದು ಬೋಲ್ಟು, ಅದರ ಬೆನ್ನಿಗೊಂದು ಸ್ಪ್ರಿಂಗು, ಸಾಕು. ಗುಂಡು ಮುಂದಕ್ಕೆ ಹೋಗುವಾಗ ಬೋಲ್ಟು ತನ್ನ ಜಡತ್ವದಿಂದ ನಿಧಾನಕ್ಕೆ ಹಿಂದೆ ಸರಿಯುತ್ತದೆ, ಖಾಲಿ ಕೊಳವೆ ಎಸೆಯುತ್ತದೆ, ಸ್ಪ್ರಿಂಗ್ ಮತ್ತೆ ತಳ್ಳಿದಾಗ ಹೊಸ ತೋಟಾ ಎತ್ತಿಕೊಂಡು ಬಾಗಿಲು ಮುಚ್ಚುತ್ತದೆ. ಮೊದಲ ವರ್ಷದ ಫಿಸಿಕ್ಸ್‌ನ ಆವೇಗ ಸಂರಕ್ಷಣೆ ನನಗೆ ನಿಜವಾಗಿ ಅರ್ಥವಾದದ್ದು ಇಲ್ಲಿ. (ಆ ಪೇಪರಿನಲ್ಲಿ ನನಗೆ ಬಂದ ಅಂಕ ಇಲ್ಲಿ ಅಪ್ರಸ್ತುತ.)

ಇದನ್ನು ಅಗ್ಗವಾಗಿ ಮಾಡಿ ತೋರಿಸಿದವರ ಕಥೆಯನ್ನು ನಾನು ಮ್ಯಾನುಫ್ಯಾಕ್ಚರಿಂಗ್ ಸೆಮಿನಾರಿಗೆ ತಯಾರಿ ಮಾಡುವಾಗ ಓದಿಕೊಂಡೆ. ಎರಡನೇ ಮಹಾಯುದ್ಧ ಮುಗಿದ ಹೊಸತು. ಬಿಲ್ ರೂಗರ್ ಎಂಬ ಅಮೆರಿಕದ ವಿನ್ಯಾಸಕಾರ, ಯುದ್ಧದಿಂದ ಮರಳಿದ ಸೈನಿಕನೊಬ್ಬನ ಬಳಿ ಜಪಾನಿನ ನಂಬು ಪಿಸ್ತೂಲುಗಳನ್ನು ಕೊಂಡು ತನ್ನ ಗ್ಯಾರೇಜಿನಲ್ಲಿ ಅದರ ನಕಲು ಮಾಡಿ ನೋಡಿದ. ಕೊಳವೆಯಾಕಾರದ ಮೈಯೊಳಗೆ ಉರುಳೆಯಂಥ ಬೋಲ್ಟು ಹಿಂದೆ ಮುಂದೆ ಓಡಾಡುವ ವ್ಯವಸ್ಥೆ ಅವನ ತಲೆಯಲ್ಲಿ ಕೂತಿತು. ಗೆಳೆಯ ಅಲೆಕ್ಸಾಂಡರ್ ಸ್ಟರ್ಮ್ 50,000 ಡಾಲರ್ ಹಾಕಿದ. ಇಬ್ಬರೂ ಸೇರಿ ಕನೆಕ್ಟಿಕಟ್ ರಾಜ್ಯದ ಸೌತ್‌ಪೋರ್ಟಿನಲ್ಲಿ ಶೆಡ್ ಹಾಕಿ 1949ರಲ್ಲಿ ‘ರೂಗರ್ ಸ್ಟ್ಯಾಂಡರ್ಡ್’ ಪಿಸ್ತೂಲು ಮಾರುಕಟ್ಟೆಗೆ ಬಿಟ್ಟರು. ಬೆಲೆ 37 ಡಾಲರ್ 50 ಸೆಂಟ್.

ಆಗಿನ ಹೆಸರಾಂತ .22 ಪಿಸ್ತೂಲುಗಳ ಚೌಕಟ್ಟನ್ನು ಉಕ್ಕಿನ ಗಟ್ಟಿ ತುಂಡಿನಿಂದ ಕೊರೆದು ಕೊರೆದು ಮಾಡುತ್ತಿದ್ದರು. ಒಂದೊಂದಕ್ಕೂ ನುರಿತ ಕೆಲಸಗಾರನ ಗಂಟೆಗಟ್ಟಲೆ ಕೆಲಸ. ರೂಗರ್ ಏನು ಮಾಡಿದ ಅಂದರೆ ಉಕ್ಕಿನ ತಗಡನ್ನು ಪ್ರೆಸ್ಸಿನಲ್ಲಿ ಒತ್ತಿ ಹಿಡಿಕೆಯ ಎಡಭಾಗ, ಬಲಭಾಗ ಮಾಡಿ ಎರಡನ್ನೂ ವೆಲ್ಡಿಂಗಿನಿಂದ ಬೆಸೆದ. ಚಪ್ಪಟೆ ಸ್ಪ್ರಿಂಗುಗಳ ಬದಲು ಸಂಗೀತದ ತಂತಿಯಂಥ ಉಕ್ಕಿನ ಸುರುಳಿ ಸ್ಪ್ರಿಂಗು. ಖರ್ಚು ಉಳಿದದ್ದು ಮಾಡುವ ವಿಧಾನದಲ್ಲಿ, ಲೋಹದಲ್ಲಲ್ಲ. ಒತ್ತಡ ಬೀಳುವ ನಳಿಗೆ, ಬೋಲ್ಟು, ಮೈಕೊಳವೆ ಎಲ್ಲ ಉಕ್ಕಿನವೇ. ಅಗ್ಗದಲ್ಲೂ ಎರಡು ಜಾತಿ ಇವೆ ಅಂತ ನಾನು ಹೇಳಹೊರಟದ್ದು ಇದನ್ನೇ.

ಎರಡನೇ ಜಾತಿಯದ್ದು ಸತುವಿನ ಎರಕ. ಸತು, ಅಲ್ಯೂಮಿನಿಯಂ, ಸ್ವಲ್ಪ ತಾಮ್ರ, ಚಿಟಿಕೆ ಮೆಗ್ನೀಸಿಯಂ ಸೇರಿದ ಈ ಮಿಶ್ರಲೋಹಕ್ಕೆ ಜಾಮಕ್ ಅಂತ ಹೆಸರು. ಸುಮಾರು 385 ಡಿಗ್ರಿಗೆ ಕರಗುವುದರಿಂದ ಅಚ್ಚಿಗೆ ಒತ್ತಡದಲ್ಲಿ ನುಗ್ಗಿಸಿ ನಿಮಿಷಕ್ಕೆ ಹಲವು ತುಂಡು ತೆಗೆಯಬಹುದು. ನಮ್ಮ ನಲ್ಲಿಗಳು, ಬಾಗಿಲ ಹಿಡಿಗಳು, ಮಕ್ಕಳ ಆಟದ ಕಾರುಗಳು ಇದರದ್ದೇ. ಒಳ್ಳೆಯ ಲೋಹವೇ, ಆದರೆ ಜಾಗ ತಪ್ಪಿದರೆ ಕಷ್ಟ. ಅಮೆರಿಕದಲ್ಲಿ ಹಿಂದೆ ಇಂಥ ಲೋಹದ ಕಿಸೆ ರಿವಾಲ್ವರುಗಳು ಹಪ್ಪಳದಂತೆ ಮಾರಾಟವಾಗುತ್ತಿದ್ದವು. ಅವನ್ನು ‘ಶನಿವಾರ ರಾತ್ರಿಯ ಸ್ಪೆಷಲ್’ ಅಂತ ಲೇವಡಿ ಮಾಡುತ್ತಿದ್ದರು. 1981ರಲ್ಲಿ ಅಧ್ಯಕ್ಷ ರೇಗನ್ ಮೇಲೆ ಗುಂಡು ಹಾರಿದ್ದು ಇಂಥ ಅಗ್ಗದ .22 ರಿವಾಲ್ವರಿನಿಂದಲೇ. ಇಲಿನಾಯ್, ದಕ್ಷಿಣ ಕರೋಲಿನಾದಂಥ ಕೆಲವು ರಾಜ್ಯಗಳು 800 ಡಿಗ್ರಿ ಫ್ಯಾರನ್‌ಹೀಟಿಗಿಂತ, ಅಂದರೆ ನಮ್ಮ ಲೆಕ್ಕದ ಸುಮಾರು 427 ಡಿಗ್ರಿಗಿಂತ ಕಡಿಮೆಯಲ್ಲಿ ಕರಗುವ ಲೋಹದ ಕೈಬಂದೂಕು ಮಾರುವಂತಿಲ್ಲ ಅಂತ ಕಾನೂನನ್ನೇ ಮಾಡಿದವು. ಕಾನೂನು ಪುಸ್ತಕದಲ್ಲಿ ಕರಗುವ ಬಿಂದು! ಇದನ್ನು ಓದಿದ ದಿನ ಮೆಟೀರಿಯಲ್ ಸೈನ್ಸ್ ಮೇಡಂಗೆ ಹೇಳಿದೆ, ಅವರು ಮುಂದಿನ ಬ್ಯಾಚಿಗೆ ಉದಾಹರಣೆ ಕೊಡ್ತೀನಿ ಅಂದರು.

ಹಾಗಂತ ಸತು ಕಂಡರೆ ಓಡಬೇಕಾಗಿಲ್ಲ. ಇವತ್ತಿಗೂ ಕೆಲವು ಹೆಸರಾಂತ .22 ಪಿಸ್ತೂಲುಗಳ ಮೇಲಿನ ಸ್ಲೈಡ್ ಸತುವಿನ ಎರಕವೇ, ಒಳಗಿನ ನಳಿಗೆ ಉಕ್ಕಿನದ್ದು. ತಿಂಗಳಿಗೊಮ್ಮೆ ಡಬ್ಬಿ ಬಿರಡೆಗೆ ಹೊಡೆಯುವವರಿಗೆ ಅದು ಬಹಳ ವರ್ಷ ಬರುತ್ತದೆ. ನಮ್ಮಂಥ ಕ್ಲಬ್ಬಿನ ಪಾಡು ಬೇರೆ. ಹತ್ತು ಜನ ಸರದಿಯಲ್ಲಿ ಒಂದೇ ಪಿಸ್ತೂಲು ಹಿಡಿಯುತ್ತಾರೆ. ವರ್ಷಕ್ಕೆ ಎಷ್ಟು ಸಾವಿರ ಪೆಟ್ಟು ಬೀಳುತ್ತದೆ ಲೆಕ್ಕ ಹಾಕಿ. ಲೋಹಕ್ಕೂ ದಣಿವಾಗುತ್ತದೆ. ಒಮ್ಮೆ ತಡೆಯುವ ಪೆಟ್ಟನ್ನು ಲಕ್ಷ ಸಲ ತಡೆಯದೆ ಮೂಲೆಯಲ್ಲೆಲ್ಲೋ ಕೂದಲಿನಂಥ ಬಿರುಕು ಬಿಡುತ್ತದೆ. ಮೊನಚಾದ ಒಳಮೂಲೆ ಇದ್ದರೆ ಅಲ್ಲೇ ಶುರು. ಮೆಷಿನ್ ಡಿಸೈನ್ ಪುಸ್ತಕದಲ್ಲಿ ಇದಕ್ಕೊಂದು ಇಳಿಜಾರು ಗ್ರಾಫ್ ಇದೆ, ಪರೀಕ್ಷೆಗೆ ಮೂರು ಸಲ ಬಿಡಿಸಿದ್ದೇನೆ. ನಮ್ಮಪ್ಪ ಗ್ರಾಫ್ ನೋಡಿಲ್ಲ. ಆದರೆ ಪಂಪ್‌ಸೆಟ್ಟಿನ ಶಾಫ್ಟ್ ಮುರಿದು ಬಂದಾಗ ಮುರಿದ ಜಾಗದ ಮೇಲೆ ಬೆರಳಾಡಿಸಿ, “ಇದು ಇವತ್ತು ಮುರಿದಿದ್ದಲ್ಲ, ಆರು ತಿಂಗಳಿಂದ ಮುರೀತಾ ಇತ್ತು” ಅನ್ನುತ್ತಾರೆ.

ಈಗ ಆ ಶನಿವಾರಕ್ಕೆ ವಾಪಸು. ಹಾರದ ತೋಟಾವನ್ನು ಕೋಚ್ ನನ್ನ ಕೈಗಿಟ್ಟು, “ನೀನು ಮೆಕ್ಯಾನಿಕಲ್ ಅಲ್ವೇನಮ್ಮಾ, ನೋಡು” ಅಂದರು. ಅಂಚಿನ ಮೇಲೆ ಪಿನ್ ಹೊಡೆದ ಗುರುತು ಇತ್ತು, ಆದರೆ ತೀರಾ ಮೇಲುಮೇಲಕ್ಕೆ. ನೆಲದಲ್ಲಿ ಬಿದ್ದಿದ್ದ, ಹಾರಿದ ಖಾಲಿ ಕೊಳವೆಗಳಲ್ಲಿ ಗುರುತು ಆಳವಾಗಿತ್ತು, ಆದರೆ ಅವೂ ಒಂದೇ ಸಮ ಇರಲಿಲ್ಲ. ಸ್ಪ್ರಿಂಗ್ ಸೋತಿದೆ ಅಂದುಕೊಂಡೆ. ಪಿಸ್ತೂಲನ್ನು ಬಿಚ್ಚಿ, ನಳಿಗೆಯ ಹಿಂಬದಿಗೆ ಟಾರ್ಚ್ ಬಿಟ್ಟು, ಭೂತಗನ್ನಡಿಯಲ್ಲಿ ನೋಡಿದೆ. ಚೇಂಬರಿನ ಬಾಯಿಯ ಮೇಲಂಚಿನಲ್ಲಿ, ಪಿನ್ ಬಂದು ಬಡಿಯುವ ಜಾಗದಲ್ಲಿ, ಒಂದು ಚಿಕ್ಕ ಹಳ್ಳ. ಹಳ್ಳದಿಂದ ಒತ್ತಿಬಂದ ಉಕ್ಕು ಚೇಂಬರಿನ ಒಳಗೆ ಗುಳ್ಳೆಯಂತೆ ಎದ್ದಿತ್ತು.

ಇದು ಆಗುವುದು ಒಂದೇ ರೀತಿಯಲ್ಲಿ. ಚೇಂಬರ್ ಖಾಲಿ ಇರುವಾಗ ಟ್ರಿಗರ್ ಎಳೆದರೆ, ಪಿನ್ನಿಗೂ ಉಕ್ಕಿನ ಅಂಚಿಗೂ ನಡುವೆ ಹಿತ್ತಾಳೆ ಇರುವುದಿಲ್ಲ. ಉಕ್ಕಿಗೆ ಉಕ್ಕು ನೇರ ಪೆಟ್ಟು. ಗುಂಡಿಲ್ಲದೆ ಟ್ರಿಗರ್ ಎಳೆಯುವ ಅಭ್ಯಾಸ, ನಾವು ‘ಡ್ರೈ’ ಅನ್ನುವುದು, ನಮ್ಮ ಆಟದ ಅಕ್ಷರಾಭ್ಯಾಸ. ನೂರು ಗುಂಡು ಹೊಡೆಯುವವರು ಸಾವಿರ ಸಲ ಡ್ರೈ ಮಾಡಿರುತ್ತಾರೆ. ಹಾಗಾಗಿ ಬುದ್ಧಿವಂತ ವಿನ್ಯಾಸಕಾರರು ಪಿನ್ ಅಂಚು ಮುಟ್ಟುವ ಮೊದಲೇ ನಿಲ್ಲುವಂತೆ ಅಡ್ಡ ತಡೆ ಇಟ್ಟಿರುತ್ತಾರೆ. ನಮ್ಮ ಪಿಸ್ತೂಲಿನಲ್ಲಿ ಅದು ಬೋಲ್ಟಿನ ಅಡ್ಡಕ್ಕೆ ತೂರಿಸುವ ಅಕ್ಕಿಕಾಳಿಗಿಂತ ಸ್ವಲ್ಪ ಉದ್ದದ ಒಂದು ಉಕ್ಕಿನ ಪಿನ್ನು. ಅದಿದ್ದರೆ ಡ್ರೈ ಎಷ್ಟು ಬೇಕಾದರೂ ಮಾಡಿ.

ಬೋಲ್ಟನ್ನು ಬೆಳಕಿಗೆ ಹಿಡಿದೆ. ತೂತು ಇತ್ತು. ಪಿನ್ನು ಇರಲಿಲ್ಲ.

ಆಗಸ್ಟ್ ಮೊದಲ ವಾರ ಆ ಪಿಸ್ತೂಲನ್ನು ಕೋಚ್ ಮುಂದೆ ಕೂತು ಪೂರ್ತಿ ಬಿಚ್ಚಿ ಸ್ವಚ್ಛ ಮಾಡಿ ಜೋಡಿಸಿದ್ದು ನಾನು. “ಇವಳಿಗೆ ಕೊಡಿ, ಇಂಜಿನಿಯರ್” ಅಂತ ಎಲ್ಲರೂ ಹೊಗಳಿದ್ದರು. ಜೋಡಿಸಿದ ಮೇಲೆ ನಾನೇ ಎರಡು ಸಲ ಬೋಲ್ಟ್ ಎಳೆದು ‘ಓಕೆ ಸರ್’ ಅಂದಿದ್ದೆ. ಆಮೇಲೆ ಇಂಟರ್ನಲ್ಸ್, ಊರಿನ ಹಬ್ಬ, ಮೂರ್ನಾಲ್ಕು ವಾರ ಕ್ಲಬ್ಬಿನ ಕಡೆ ತಲೆ ಹಾಕಿರಲಿಲ್ಲ. ಅಷ್ಟೂ ದಿನ ಚಿಕ್ಕ ಹುಡುಗ ಹುಡುಗಿಯರು ಶ್ರದ್ಧೆಯಿಂದ ಡ್ರೈ ಅಭ್ಯಾಸ ಮಾಡಿದ್ದರು. ಒಂದೊಂದು ‘ಟಕ್’ಗೂ ಅಂಚು ಒಂದೊಂದು ಕೂದಲೆಳೆ ತಗ್ಗಾಗಿತ್ತು. ಅಡಿಗಲ್ಲೇ ಹಳ್ಳ ಬಿದ್ದರೆ ಹಿತ್ತಾಳೆ ಹೇಗೆ ಜಜ್ಜುತ್ತದೆ? ಗುಂಡು ಹಾರಲಿಲ್ಲ.

ಆ ಹೊತ್ತಿಗೆ ಎಲ್ಲರೂ ಹೋಗಿಯಾಗಿತ್ತು. ನಾನು ಬಾಯಿ ಬಿಡಲಿಲ್ಲ. ಅಂಚಿನಲ್ಲಿ ಹಳ್ಳ ಬಿದ್ದಿದೆ ಅಂತಷ್ಟೇ ಹೇಳಿ ಹಾಸ್ಟೆಲ್ಲಿಗೆ ಬಂದೆ. “ಹಳೇದಾಯ್ತು, ಅಗ್ಗದ್ದು” ಅನ್ನುವ ಕಾರಣ ರೆಡಿಯಾಗಿತ್ತು, ಎಲ್ಲರೂ ಒಪ್ಪಿಯೂ ಆಗಿತ್ತು. ನಾನು ಮೌನವಾಗಿದ್ದರೆ ಸಾಕಿತ್ತು. ಹಾಸ್ಟೆಲ್ಲಿನಲ್ಲಿ ಸ್ವಚ್ಛತೆಯ ಸಾಮಾನು ಇಟ್ಟಿದ್ದ ಹಳೆಯ ಬಿಸ್ಕತ್ತಿನ ಡಬ್ಬಿ ಕವುಚಿದೆ. ಸವೆದ ಟೂತ್‌ಬ್ರಷ್, ಬನಿಯನ್ ಬಟ್ಟೆಯ ಚೂರುಗಳು. ಒಂದು ಎಣ್ಣೆ ಬಟ್ಟೆಯ ಮಡಿಕೆಯಿಂದ ಅದು ನೆಲಕ್ಕೆ ಬಿದ್ದು ‘ಟಿಣ್’ ಅಂತು. ಅಷ್ಟು ಸಣ್ಣ ಸದ್ದಿಗೆ ನಾನು ಯಾವತ್ತೂ ಹಾಗೆ ಬೆಚ್ಚಿದ್ದಿಲ್ಲ.

ರಾತ್ರಿ ನಿದ್ದೆ ಬರಲಿಲ್ಲ. ತಲೆಯಲ್ಲಿ ಓಡುತ್ತಿದ್ದದ್ದು ಹಾರದ ಗುಂಡಲ್ಲ. ಒಳಗೆ ಎದ್ದಿದ್ದ ಆ ಗುಳ್ಳೆ. ಅದರಿಂದ ತೋಟಾ ಚೇಂಬರಿನಲ್ಲಿ ಪೂರ್ತಿ ಕೂರದೆ ಕೂದಲಷ್ಟು ಹೊರಗೆ ಉಳಿಯಬಹುದು. ಬೋಲ್ಟು ಪೂರ್ತಿ ಮುಚ್ಚಿಕೊಳ್ಳದೆ ಇರುವಾಗ ಹೊತ್ತಿಕೊಂಡರೆ, ಆಸರೆ ಇಲ್ಲದ ಆ ತೆಳು ಹಿತ್ತಾಳೆ ಒಡೆದು ಬಿಸಿ ಗಾಳಿ, ಲೋಹದ ಚೂರು ಪಕ್ಕಕ್ಕೆ ಚಿಮ್ಮುತ್ತವೆ. ಕೋಚ್ ಕನ್ನಡಕವಿಲ್ಲದೆ ಯಾರನ್ನೂ ರೇಂಜಿಗೆ ಬಿಡದಿರುವುದು ಇದಕ್ಕೇ. ಆ ಪಿಯುಸಿ ಹುಡುಗಿ ಕನ್ನಡಕ ಮೂಗಿಗೆ ಜಾರಿಸಿಕೊಳ್ಳುವವಳು, ಪದೇಪದೇ ಹೇಳಿಸಿಕೊಳ್ಳುವವಳು.

ಭಾನುವಾರ ಬೆಳಿಗ್ಗೆ ಕೋಚ್ ಮನೆಗೆ ಹೋಗಿ ಪಿನ್ನನ್ನು ಅವರ ಅಂಗೈ ಮೇಲಿಟ್ಟೆ. ಹೇಳಬೇಕಾದ್ದನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದೆ, ಒಂದೂ ಬರಲಿಲ್ಲ. ಅವರು ಪಿನ್ನನ್ನು ತಿರುಗಿಸಿ ತಿರುಗಿಸಿ ನೋಡಿದರು. “ಜೋಡಿಸಿದ ಮೇಲೆ ನಾನೂ ನೋಡಬೇಕಿತ್ತು. ನೋಡಲಿಲ್ಲ. ಇಂಜಿನಿಯರ್ ಅಂತ ನಂಬಿದೆ” ಅಂದರು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅವರ ಮನೆಯವರು ಕಾಫಿ ತಂದುಕೊಟ್ಟರು. ಕುಡಿದು ಮುಗಿಸುವವರೆಗೂ ಇಬ್ಬರೂ ಮಾತಾಡಲಿಲ್ಲ. ಹೊರಡುವಾಗ, “ಶನಿವಾರ ಎಲ್ಲರ ಮುಂದೆ ನೀನೇ ಹೇಳ್ಬೇಕು. ಆ ಮಗು ತಾನೇ ಏನೋ ತಪ್ಪು ಮಾಡಿದೆ ಅಂದ್ಕೊಂಡಿದೆ” ಅಂದರು. ಅವಳ ಬಗ್ಗೆ ನಾನು ಯೋಚಿಸಿಯೇ ಇರಲಿಲ್ಲ. ಅದು ನನಗೆ ಪಿನ್ನಿಗಿಂತ ಹೆಚ್ಚು ಚುಚ್ಚಿತು.

ಹೇಳಿದೆ. ಸೀನಿಯರ್ ಒಬ್ಬರು ನಕ್ಕರು, ಒಬ್ಬರು ನಗಲಿಲ್ಲ. ಹುಡುಗಿ ಮಾತ್ರ, “ಹಾಗಾದ್ರೆ ನನ್ನ ಕೈ ಸರಿ ಇದೆಯಾ ಅಕ್ಕಾ?” ಅಂತ ಕೇಳಿದಳು.

ರಿಪೇರಿ ವಿಷಯದಲ್ಲೂ ನಾನು ಇನ್ನೊಂದು ತಪ್ಪು ಮಾಡುತ್ತಿದ್ದೆ. ಸಣ್ಣ ಅರದಿಂದ ಗುಳ್ಳೆ ಉಜ್ಜಿ ತೆಗೆಯೋಣ ಸರ್ ಅಂದಿದ್ದೆ. ಕ್ಲಬ್ಬಿನವರು ಕರೆಸಿದ ಲೈಸೆನ್ಸ್ ಇರುವ ಬಂದೂಕು ರಿಪೇರಿಯವರು ನನ್ನ ಮುಖ ನೋಡಿ, “ಉಜ್ಜಿದ್ರೆ ಲೋಹ ಹೋಯ್ತು, ಹಳ್ಳ ಹಳ್ಳವಾಗೇ ಉಳೀತು” ಅಂದರು. ನಿಜ. ಅಲ್ಲಿ ಆಸರೆಯೇ ಇಲ್ಲದಂತಾಗುತ್ತದೆ. ಅವರ ಹತ್ತಿರ ಚೇಂಬರ್ ಐರನ್ ಅನ್ನುವ, ತುದಿ ಇಳಿಜಾರಾಗಿರುವ, ನುಣುಪಾದ ಗಟ್ಟಿ ಉಕ್ಕಿನ ಸಾಧನ ಇತ್ತು. ಚೇಂಬರಿಗೆ ಎಣ್ಣೆ ಬಿಟ್ಟು ಅದನ್ನು ಒಳಕ್ಕೆ ನಿಧಾನವಾಗಿ ಒತ್ತಿದರು. ಒಳಕ್ಕೆ ಬಂದಿದ್ದ ಉಕ್ಕು ಎಲ್ಲಿಂದ ಬಂದಿತ್ತೋ ಅಲ್ಲಿಗೇ ವಾಪಸು ಹೋಯಿತು. ನಮ್ಮ ಕಡೆ ತಗ್ಗಾದ ತಪ್ಪಲೆಯನ್ನು ಒಳಗಿನಿಂದ ಒತ್ತಿ ಸರಿಮಾಡುವ ಹಾಗೆ. ಜತೆಗೆ ಬೋಲ್ಟಿನ ಸ್ಪ್ರಿಂಗನ್ನೂ ಬದಲಿಸಿದರು. ಸ್ಪ್ರಿಂಗು ಬೈಕಿನ ಬ್ರೇಕ್ ಶೂ ಇದ್ದ ಹಾಗೆ, ಸವೆಯುವುದೇ ಅದರ ಕೆಲಸ. ಕಾಲಕಾಲಕ್ಕೆ ಹೊಸದು ಹಾಕದೆ ಪಿಸ್ತೂಲು ಬಾಳಿಕೆ ಬರಲಿಲ್ಲ ಅನ್ನುವವರೇ ಹೆಚ್ಚು.

ಅಗ್ಗದ್ದಕ್ಕೆ ವಕಾಲತ್ತು ಹಾಕುತ್ತಿದ್ದೇನೆ ಅನ್ನಿಸಿದರೆ, ಇನ್ನೊಂದು ಮುಖವೂ ಇದೆ. ರೂಗರ್ ಕಂಪನಿಯ ಮೊದಲ ಮಾದರಿಯಲ್ಲಿ ಸೇಫ್ಟಿ ಹಾಕಿದರೆ ಬೋಲ್ಟೇ ಬಿಗಿದುಕೊಳ್ಳುತ್ತಿತ್ತು. ಅಂದರೆ ತೋಟಾ ತೆಗೆಯಬೇಕಾದರೆ ಸೇಫ್ಟಿ ಬಿಚ್ಚಲೇಬೇಕು. ಅತಿ ಎಚ್ಚರ ಬೇಕಾದ ಹೊತ್ತಿನಲ್ಲೇ ಎಚ್ಚರದ ಸಾಧನ ಇಲ್ಲ! ಕೊನೆಯ ಗುಂಡಾದ ಮೇಲೆ ಬೋಲ್ಟು ತೆರೆದು ನಿಲ್ಲುತ್ತಲೂ ಇರಲಿಲ್ಲ, ಖಾಲಿಯಾಯಿತೋ ಇಲ್ಲವೋ ನೋಡಿದರೆ ತಿಳಿಯುತ್ತಿರಲಿಲ್ಲ. ಇವೆರಡೂ ಸರಿಯಾದದ್ದು 1982ರ ಎರಡನೇ ಮಾದರಿಯಲ್ಲಿ. 2016ರಲ್ಲಿ ನಾಲ್ಕನೆಯದು ಬಂತು, ಒಂದು ಗುಂಡಿ ಒತ್ತಿದರೆ ಬಿಚ್ಚಿಕೊಳ್ಳುವ ಅಚ್ಚುಕಟ್ಟು ಪಿಸ್ತೂಲು. ಮುಂದಿನ ಜೂನಿನಲ್ಲಿ ಕಂಪನಿಯೇ ಅವನ್ನು ವಾಪಸು ಕರೆಸಿತು. ಸೇಫ್ಟಿಯ ಸನ್ನೆ ಅರ್ಧದಲ್ಲಿ ನಿಂತಿರುವಾಗ ಟ್ರಿಗರ್ ಎಳೆದರೆ ಗುಂಡು ಹಾರದೆ, ಆಮೇಲೆ ಸನ್ನೆಯನ್ನು ‘ಫೈರ್’ ಕಡೆ ಸರಿಸಿದಾಗ ಬೆರಳು ಟ್ರಿಗರ್ ಮೇಲೆ ಇಲ್ಲದೆಯೂ ಹಾರಬಹುದಿತ್ತು. 2017ರ ಜೂನ್ 1ರ ಮುಂಚೆ ತಯಾರಾದವನ್ನೆಲ್ಲ ಉಚಿತವಾಗಿ ಸರಿಮಾಡಿಕೊಟ್ಟರು. ಅರುವತ್ತೇಳು ವರ್ಷದ ಅನುಭವ ಇದ್ದೂ ‘ಅರ್ಧ’ ಅನ್ನುವ ಜಾಗವನ್ನು ಯಾರೂ ಯೋಚಿಸಿರಲಿಲ್ಲ. ಸೇಫ್ಟಿ ಸನ್ನೆಯನ್ನು ನಂಬಬೇಡ, ನಳಿಗೆ ಎತ್ತ ಇದೆ ಅದನ್ನು ನೋಡು ಅಂತ ನಮ್ಮ ಕೋಚ್ ದಿನಾ ಬಡಿದುಕೊಳ್ಳುವುದು ಸುಮ್ಮನೆ ಅಲ್ಲ.

ದುಬಾರಿಯದ್ದೂ ಕೈಕೊಡುತ್ತದೆ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ 10 ಮೀಟರ್ ಸ್ಪರ್ಧೆಯ ನಡುವೆ ಎಲೆಕ್ಟ್ರಾನಿಕ್ ಟ್ರಿಗರ್ ಕೆಟ್ಟು, ರಿಪೇರಿಗೆ ಓಡಿ, ಅಮೂಲ್ಯ ನಿಮಿಷ ಕಳೆದುಕೊಂಡು 575 ಅಂಕಕ್ಕೆ 12ನೆಯವರಾದರು. ಫೈನಲ್ಲಿಗೆ ಎಂಟೇ ಜನ. ನಮ್ಮ 25 ಮೀಟರ್ ಸ್ಪರ್ಧೆಯ ವೇಗದ ಸುತ್ತಿನಲ್ಲಿ ಗುರಿ ಮೂರೇ ಸೆಕೆಂಡ್ ಕಾಣಿಸಿ ಏಳು ಸೆಕೆಂಡ್ ಮರೆಯಾಗುತ್ತದೆ, ಹೀಗೆ ಐದು ಸಲ. ನಡುವೆ ಪಿಸ್ತೂಲು ಕೈಕೊಟ್ಟರೆ ಅದನ್ನು ಮುಂದಕ್ಕೇ ಹಿಡಿದು ಖಾಲಿ ಕೈ ಎತ್ತಬೇಕು. ಅಧಿಕಾರಿ ಬಂದು ನೋಡಿ, ತಪ್ಪು ಪಿಸ್ತೂಲಿನದ್ದೋ ಶೂಟರಿನದ್ದೋ ತೀರ್ಮಾನಿಸುತ್ತಾರೆ. ಸೇಫ್ಟಿ ಬಿಚ್ಚಲು ಮರೆತಿದ್ದರೆ, ತೋಟಾ ತುಂಬದಿದ್ದರೆ ಅದು ಶೂಟರಿನ ತಪ್ಪು, ಸಹಾಯವಿಲ್ಲ. ಜೋಡಿಸುವಾಗ ಪಿನ್ನು ಬಿಟ್ಟಿದ್ದರೆ ಯಾವ ಪಟ್ಟಿಗೆ ಸೇರುತ್ತದೆ ಅಂತ ಕೋಚನ್ನು ಕೇಳಿದೆ. ಉತ್ತರ ಕೊಡದೆ ಮೀಸೆಯಲ್ಲೇ ನಕ್ಕರು.

ಈಗ ಕ್ಲಬ್ಬಿನಲ್ಲಿ ಬಿಚ್ಚುವಾಗ ಕೆಳಗೆ ಒಂದು ಬಿಳಿ ಟವೆಲ್ ಹಾಸುತ್ತೇವೆ. ಬಿಚ್ಚಿದ ಬಿಡಿಭಾಗಗಳನ್ನು ಎಣಿಸಿ ಪುಸ್ತಕದಲ್ಲಿ ಬರೆಯುತ್ತೇವೆ. ಜೋಡಿಸಿದವರು ಬೇರೆ, ಪರೀಕ್ಷೆ ಮಾಡುವವರು ಬೇರೆ. ಕೈಯನ್ನು ತಣ್ಣೀರಲ್ಲಿ ಸೋಪು ಹಾಕಿ ತೊಳೆಯದೆ ಯಾರೂ ಟಿಫಿನ್ ಡಬ್ಬಿ ಮುಟ್ಟುವಂತಿಲ್ಲ, ಮದ್ದಿನಲ್ಲೂ ಗುಂಡಿನಲ್ಲೂ ಸೀಸ ಇರುತ್ತದಲ್ಲ. ನಾನು ಜೋಡಿಸಿದ್ದನ್ನು ಪರೀಕ್ಷಿಸುವವಳು ಆ ಪಿಯುಸಿ ಹುಡುಗಿ. ಬೋಲ್ಟನ್ನು ಕಿಟಕಿಯ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, “ಅಕ್ಕಾ, ಪಿನ್ ಇದೆ” ಅನ್ನುತ್ತಾಳೆ. ಪ್ರತಿ ಸಲವೂ ಅಷ್ಟೇ ಗಂಭೀರವಾಗಿ.

ರಿಪೇರಿ ಆದ ಮೇಲೆ ಮೊದಲ ಐದು ಗುಂಡು ಅವಳೇ ಹೊಡೆದಳು. ಐದೂ ಹಾರಿದವು. ಆ ಐದು ಖಾಲಿ ಕೊಳವೆಗಳ ಅಂಚನ್ನು ಭೂತಗನ್ನಡಿಯಲ್ಲಿ ನೋಡಿದೆ. ನಾಲ್ಕರ ಗುರುತು ಒಂದೇ ಸಮ ಇದೆ. ಐದನೆಯದು ತುಸು ತೆಳು ಅನ್ನಿಸುತ್ತಿದೆ. ತೋಟಾದ್ದೋ, ಅಂಚಿನದ್ದೋ ಗೊತ್ತಿಲ್ಲ. ಈ ಶನಿವಾರ ಹೊಸ ಡಬ್ಬಿಯಿಂದ ಇಪ್ಪತ್ತು ಹೊಡೆದು, ಇಪ್ಪತ್ತನ್ನೂ ಸಾಲಾಗಿಟ್ಟು ನೋಡಬೇಕು.